ಕಾಗದ ಬಂದ ದಿನ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಕಳೆದ ತಿಂಗಳು ಆಡಿದ ಮಾತುಗಳಿವು. ಕೇಳಿದವರು ಬರೆದುಕೊಡಿ ಅಂದರು, ಹಾಗಾಗಿ ಬರೆದಿದ್ದೇನೆ. ನಡುವೆ ಸಭಿಕರು ಹೇಳಿದ್ದನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಮಗನಿಗೆ 18 ತುಂಬಿದ ವಾರ ಮನೆಗೆ ಒಂದು ಕಾರ್ಡು ಬಂತು. ಆಗ ನಾವು ಅಮೆರಿಕದ ಒಹಾಯೊದಲ್ಲಿ ಇದ್ದೆವು. ಕಾರ್ಡು ಬಂದದ್ದು ಸೆಲೆಕ್ಟಿವ್ ಸರ್ವಿಸ್ ಸಿಸ್ಟಮ್ ಅನ್ನೋ ಸರ್ಕಾರಿ ಸಂಸ್ಥೆಯಿಂದ. ನಿನಗೆ ಈಗ ವಯಸ್ಸಾಯಿತು, ನಿನ್ನ ಹೆಸರನ್ನು ನಮ್ಮಲ್ಲಿ ನೋಂದಾಯಿಸು ಅಂತ. ಆ ದೇಶದ ಪ್ರಜೆಗಳು ಮಾತ್ರ ಅಲ್ಲ, ಗ್ರೀನ್ ಕಾರ್ಡ್ ಹಿಡಿದ ನಮ್ಮಂಥವರ ಗಂಡುಮಕ್ಕಳೂ ನೋಂದಾಯಿಸಲೇಬೇಕು. 18ರಿಂದ 25 ವರ್ಷದವರೆಗೆ. ಮುಂದೆ ಯಾವತ್ತಾದರೂ ಕಡ್ಡಾಯವಾಗಿ ಸೈನ್ಯಕ್ಕೆ ಕರೆಯಬೇಕಾದರೆ ಹೆಸರುಗಳ ಪಟ್ಟಿ ತಯಾರಿರಲಿ ಅಂತ.

ನಾನು ಆ ಕಾರ್ಡು ಹಿಡಿದು ಮನೆ ಮುಂದೆ ಅಂಚೆಪೆಟ್ಟಿಗೆ ಹತ್ತಿರ ನಿಂತುಬಿಟ್ಟೆ. ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಾ ಇದ್ದರು. ನನ್ನ ಮುಖ ನೋಡಿ ಯಂತ್ರ ನಿಲ್ಲಿಸಿ ಬಂದರು. ಕಾರ್ಡು ನೋಡಿದರು. ಹೆದರಬೇಡಿ, ಇದು ಬರೀ ಪಟ್ಟಿ, ಇದು ಸೈನ್ಯಕ್ಕೆ ಕರೆಯುವ ಆ ಕಾಗದ ಅಲ್ಲ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಕಾಗದ ನನಗೆ ಬಂದಿತ್ತು ಅಂದರು.

ಹನ್ನೆರಡು ವರ್ಷ ಪಕ್ಕಪಕ್ಕದ ಮನೆಯಲ್ಲಿ ಇದ್ದೆವು. ಅವರು ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು ಅಂತ ನನಗೆ ಗೊತ್ತಿತ್ತು. ಆದರೆ ಅದರ ಬಗ್ಗೆ ಒಂದು ಮಾತೂ ಆಡಿದ್ದಿಲ್ಲ. ಅವತ್ತು ಒಂದು ಗಂಟೆ ನಿಂತು ಮಾತಾಡಿದರು. ಯುದ್ಧದ ಬಗ್ಗೆ ಅಲ್ಲ, ಆ ಕಾಗದದ ಬಗ್ಗೆ.

ಅಲ್ಲಿಂದ ನನಗೆ ಈ ವಿಷಯ ಹಿಡಿಯಿತು. ಅಮೆರಿಕದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಅನ್ನೋ ದೊಡ್ಡ ಗ್ರಂಥಾಲಯ ಇದೆ. ಮಾಜಿ ಸೈನಿಕರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ಕೂಡಿಡುವ ಕೆಲಸವನ್ನು ಅಲ್ಲಿನ ಸಂಸತ್ತು 2000ದಲ್ಲಿ ಅದಕ್ಕೆ ವಹಿಸಿತು. ಈಗ ಅಲ್ಲಿ 1 ಲಕ್ಷಕ್ಕೂ ಜಾಸ್ತಿ ಜನರ ನೆನಪುಗಳಿವೆ. ಯಾರು ಬೇಕಾದರೂ ತಮಗೆ ಗೊತ್ತಿರುವ ಮಾಜಿ ಸೈನಿಕರನ್ನು ಕೂರಿಸಿ, ಧ್ವನಿ ಮುದ್ರಿಸಿ ಕಳಿಸಬಹುದು. ಒಹಾಯೊದ ನಮ್ಮೂರ ಗ್ರಂಥಾಲಯದಲ್ಲಿ ಆ ಕೆಲಸಕ್ಕೆ ನಾನೂ ಸೇರಿಕೊಂಡೆ. ಎದುರುಬದುರು ಕೂತು ಕೇಳಿದ್ದು ಹನ್ನೊಂದು ಜನರನ್ನು. ಹೆಸರು ಹೇಳುವುದಿಲ್ಲ, ಅದು ಅವರ ಮನೆಯ ವಿಷಯ. ಆದರೆ ಒಂದು ಸಂಗತಿ ಬೇಗ ಗೊತ್ತಾಯಿತು. ಯುದ್ಧದಲ್ಲಿ ಏನಾಯಿತು ಅಂತ ಕೇಳಿದರೆ ಅವರು ಬಾಯಿ ಕಟ್ಟಿಕೊಳ್ಳುತ್ತಾರೆ. ಕಾಗದ ಬಂದ ದಿನ ಏನಾಯಿತು ಅಂತ ಕೇಳಿ, ಅಡುಗೆ ಏನಿತ್ತು ಅನ್ನೋದರಿಂದ ಶುರು ಮಾಡುತ್ತಾರೆ.

ಡ್ರಾಫ್ಟ್ ಅಂದರೆ ನಮಗೆ ಬ್ಯಾಂಕಿನ ಡಿಡಿ ನೆನಪಿಗೆ ಬರುತ್ತದೆ. ಅಮೆರಿಕದಲ್ಲಿ ಆ ಪದಕ್ಕೆ ಇನ್ನೊಂದು ಅರ್ಥ ಇದೆ. ಸರ್ಕಾರ ಹೆಸರು ಹಿಡಿದು ಸೈನ್ಯಕ್ಕೆ ಕರೆಯುವುದು. ಬರುತ್ತೀಯಾ ಅಂತ ಕೇಳುವುದಲ್ಲ, ಬಾ ಅನ್ನುವುದು. ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಇದು ಇಲ್ಲವೇ ಇಲ್ಲ. ನಮ್ಮ ಹುಡುಗರು ಸೇನಾ ಭರ್ತಿಗೆ ಬೆಳಗಿನ ಜಾವ ಎದ್ದು ಸಾಲಲ್ಲಿ ನಿಲ್ಲುತ್ತಾರೆ. ಓಟದಲ್ಲಿ ಒಂದೆರಡು ಸೆಕೆಂಡು ಹಿಂದೆ ಬಿದ್ದು ಆಯ್ಕೆ ಆಗದಿದ್ದರೆ ಅಳುತ್ತಾರೆ. ಹಾಗಾಗಿ ಕಾಗದ ಬಂತು ಅಂತ ಅಳುವ ಮನೆಯನ್ನು ಊಹಿಸಿಕೊಳ್ಳುವುದು ನಮಗೆ ಸ್ವಲ್ಪ ಕಷ್ಟ.

ಆದರೆ ಒಂದು ವಿಷಯ ನಮಗೆ ಚೆನ್ನಾಗಿ ಗೊತ್ತು. ಓದುವ ಮೊದಲೇ ಸುದ್ದಿ ಹೇಳುವ ಕಾಗದ. ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚುತ್ತಿದ್ದರು. ಸಾವಿನ ಸುದ್ದಿಯ ಕಾರ್ಡಾದರೆ ಮೂಲೆ ಹರಿದಿರುತ್ತಿತ್ತು. ಪೋಸ್ಟ್‌ಮ್ಯಾನ್ ಅದನ್ನು ಕೊಡುವ ರೀತಿಯಲ್ಲೇ ಮನೆಯವರಿಗೆ ಗೊತ್ತಾಗುತ್ತಿತ್ತು, ಅಲ್ವಾ? ಅಮೆರಿಕದ ಆ ಲಕೋಟೆಯೂ ಹಾಗೇ. ಮೇಲಿನ ಮೂಲೆಯಲ್ಲಿ ಸೆಲೆಕ್ಟಿವ್ ಸರ್ವಿಸ್ ಅಂತ ಅಚ್ಚಾಗಿರುತ್ತಿತ್ತು. ಒಡೆಯುವ ಮೊದಲೇ ಅಮ್ಮಂದಿರಿಗೆ ಗೊತ್ತು. ನಾನು ಕೇಳಿದ ಹನ್ನೊಂದು ಜನರಲ್ಲಿ ಏಳು ಜನರಿಗೆ ಕಾಗದ ಕೈಗೆ ಸಿಕ್ಕಿದ್ದು ಅಮ್ಮನಿಂದ. ಅವರು ಕೆಲಸದಲ್ಲೋ ಕಾಲೇಜಿನಲ್ಲೋ ಇರುತ್ತಿದ್ದರು, ಅಂಚೆ ಹಗಲು ಹೊತ್ತು ಬರುತ್ತಿತ್ತು.

ಪಕ್ಕದ ಮನೆಯವರಿಗೆ ಬಂದದ್ದು 1968ರಲ್ಲಿ. ಆಗ ಅವರಿಗೆ 20. ಲೋಹದ ಬಿಡಿಭಾಗ ಕಡೆಯುವ ಕಾರ್ಖಾನೆಯಲ್ಲಿ ಕೆಲಸ. ಸಂಜೆ ಮನೆಗೆ ಬಂದರೆ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿ ಲಕೋಟೆ ಇಟ್ಟಿದ್ದಾರೆ. ಅಮ್ಮ ಏನೂ ಹೇಳಲಿಲ್ಲ. ಆಲೂಗಡ್ಡೆ, ಹುರುಳಿಕಾಯಿ ಬಡಿಸಿದರು. ಅಪ್ಪ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು. 1942ರಲ್ಲಿ ಅವರಿಗೂ ಇಂಥದ್ದೇ ಕಾಗದ ಬಂದಿತ್ತು. ಅವರೂ ಏನೂ ಹೇಳಲಿಲ್ಲ. ಮೂವರೂ ಊಟ ಮುಗಿಸುವವರೆಗೂ ಲಕೋಟೆ ಅಲ್ಲೇ ಇತ್ತು. ಉಪ್ಪು ಬೇಕಾದರೂ ಯಾರೂ ಡಬ್ಬಿಗೆ ಕೈ ಹಾಕಲಿಲ್ಲವಂತೆ. ಆಮೇಲೆ ಒಡೆದು ಓದಿದರು. ಅಪ್ಪ ಎದ್ದು ಕಾರ್ ಶೆಡ್ಡಿಗೆ ಹೋಗಿ ದೀಪ ಹಾಕಿಕೊಂಡರು.

ಆ ಕಾಗದದ ಒಕ್ಕಣೆ ನೋಡಿ. ಮೇಲೆ ಅಮೆರಿಕದ ಅಧ್ಯಕ್ಷರ ಹೆಸರಲ್ಲಿ ವಂದನೆ, ಇಂಗ್ಲಿಷಿನಲ್ಲಿ 'ಗ್ರೀಟಿಂಗ್'. ಜನ ಅದನ್ನು ಗ್ರೀಟಿಂಗ್ಸ್ ಕಾಗದ ಅಂತಲೇ ಕರೆಯುತ್ತಿದ್ದರು. ವಂದನೆ ಆದ ಕೂಡಲೇ, ಸೈನ್ಯಕ್ಕೆ ಸೇರಲು ನಿಮಗೆ ಆಜ್ಞೆಯಾಗಿದೆ, ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಜಾಗಕ್ಕೆ ಬನ್ನಿ ಅಂತ. ಕೆಳಗೆ ಸಣ್ಣ ಅಕ್ಷರದಲ್ಲಿ ಸೂಚನೆಗಳು. ಕನ್ನಡಕ ಹಾಕುವವರಾದರೆ ಕನ್ನಡಕ ತನ್ನಿ. ಮದುವೆ ಆಗಿದ್ದರೆ ಅದರ ದಾಖಲೆ ತನ್ನಿ. ಮೂರು ದಿನಕ್ಕಾಗುವಷ್ಟು ಬಟ್ಟೆ ತನ್ನಿ. ಪರೀಕ್ಷೆಯಲ್ಲಿ ನಿಮ್ಮನ್ನು ತೆಗೆದುಕೊಳ್ಳದೆಯೂ ಇರಬಹುದು, ಅದನ್ನು ಗಮನದಲ್ಲಿಟ್ಟುಕೊಂಡು ನಿಮ್ಮ ವ್ಯವಹಾರ ನೋಡಿಕೊಳ್ಳಿ. ಬೇಕೆಂದೇ ಬಾರದಿದ್ದರೆ ದಂಡ, ಜೈಲು.

ನನ್ನನ್ನು ತಡೆದು ನಿಲ್ಲಿಸಿದ್ದು ಆ ಮೂರು ದಿನದ ಬಟ್ಟೆಯ ಮಾತು. ಹೋಗುವುದು ಎರಡು ವರ್ಷಕ್ಕೆ. ಬಟ್ಟೆ ಮೂರು ದಿನಕ್ಕೆ. ನಾಲ್ಕನೇ ದಿನದಿಂದ ಸರ್ಕಾರದ ಬಟ್ಟೆ. ಒಬ್ಬರ ಅಮ್ಮ ಆ ಮೂರು ಜೊತೆ ಬಟ್ಟೆಗೆ ಹಿಂದಿನ ರಾತ್ರಿ ಇಸ್ತ್ರಿ ಹಾಕಿದರಂತೆ. ಒಳಬಟ್ಟೆಗೂ ಹಾಕಿದ್ದರು ಅಂತ ಹೇಳಿ ಅವರು ಕಣ್ಣು ಒರೆಸಿಕೊಂಡರು. ಅವರಿಗೆ ಆಗ 74 ವರ್ಷ.

ಇನ್ನೊಂದು ಮಾತು ಆ ಕಾಗದದ ಹಳೆಯ ರೂಪದಲ್ಲಿ ಇತ್ತು. ಎರಡನೇ ಮಹಾಯುದ್ಧದ ಕಾಲದ್ದು. 'ನಿಮ್ಮ ನೆರೆಹೊರೆಯವರೇ ಇರುವ ಸ್ಥಳೀಯ ಮಂಡಳಿ' ನಿಮ್ಮನ್ನು ಆರಿಸಿದೆ ಅಂತ ಅದರಲ್ಲಿ ಬರೆದಿತ್ತು. 1940ರ ಸೆಪ್ಟೆಂಬರ್ 16ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಕಾನೂನಿನಿಂದ ಬಂದ ವ್ಯವಸ್ಥೆ ಅದು. ಯುದ್ಧಕ್ಕೆ ಇಳಿಯುವ ಮೊದಲೇ ಆ ದೇಶ ಕಡ್ಡಾಯ ಭರ್ತಿ ಮಾಡಿದ್ದು ಅದೇ ಮೊದಲು. ಕರೆಯುವುದು ವಾಷಿಂಗ್ಟನ್ ಅಲ್ಲ, ನಿಮ್ಮೂರಿನವರೇ. ವಿಯೆಟ್ನಾಂ ಕಾಲದಲ್ಲೂ ದೇಶದ ತುಂಬ ಸುಮಾರು 4,000 ಮಂಡಳಿಗಳಿದ್ದವು. ಸದಸ್ಯರಿಗೆ ಸಂಬಳ ಇಲ್ಲ. ಊರಿನ ಅಂಗಡಿಯವರು, ವಕೀಲರು, ನಿವೃತ್ತ ಸೈನಿಕರು. ಹುಡುಗ ಯಾರ ಮಗ ಅಂತ ಗೊತ್ತಿರುವವರು ನಿರ್ಧಾರ ಮಾಡಿದರೆ ನ್ಯಾಯ ಸಿಗುತ್ತದೆ ಅನ್ನೋ ನಂಬಿಕೆ ಅದು.

ನಂಬಿಕೆ ಒಳ್ಳೆಯದೇ. ಆದರೆ ಹಳ್ಳಿಯಲ್ಲಿ ಬೆಳೆದ ನಮಗೆ ಅದರ ಇನ್ನೊಂದು ಮುಖವೂ ಗೊತ್ತು. ಪಂಚಾಯ್ತಿ ಕಟ್ಟೆಯಲ್ಲಿ ಕೂತವರು ಎಲ್ಲರಿಗೂ ನೆರೆಯವರಲ್ಲ. 1966ರಲ್ಲಿ ಆ ದೇಶದ ಮಂಡಳಿ ಸದಸ್ಯರಲ್ಲಿ ಕಪ್ಪು ಜನ ನೂರಕ್ಕೆ 1.3 ಮಾತ್ರ ಇದ್ದರು. ಅಧ್ಯಕ್ಷರೇ ನೇಮಿಸಿದ ಆಯೋಗ ಈ ಲೆಕ್ಕ ಕೊಟ್ಟಿತು. ಕಾಗದ ಬಂದ ಕಪ್ಪು ಹುಡುಗನ ಪಾಲಿಗೆ ಆ ಮಂಡಳಿಯಲ್ಲಿ ನೆರೆಹೊರೆಯವರು ಯಾರಿದ್ದರು ಹೇಳಿ?

ಇದಕ್ಕಿಂತ ಕಹಿಯಾದದ್ದು ಒಂದಿದೆ. 1942ರಲ್ಲಿ, ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಮೇಲೆ, ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಹಾಕಿದರು. ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದವರು. ನೀವು ಸೈನ್ಯಕ್ಕೆ ಬೇಡ, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂದರು. 1944ರ ಜನವರಿಯಲ್ಲಿ ಸರ್ಕಾರ ಮನಸ್ಸು ಬದಲಾಯಿಸಿತು. ಅದೇ ಶಿಬಿರಗಳಿಗೆ, ಮುಳ್ಳುತಂತಿಯ ಒಳಗೆ, ಸೈನ್ಯಕ್ಕೆ ಬನ್ನಿ ಅಂತ ಕಾಗದ ಬಂತು. ಮನೆಯಿಂದ ಹೊರಹಾಕಿದ ಸರ್ಕಾರವೇ ಕರೆಯುತ್ತಿದೆ. ತುಂಬಾ ಜನ ಹೋದರು, ಚೆನ್ನಾಗಿ ಹೋರಾಡಿದರು, ಸತ್ತರು. ವಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರದ ಕೆಲವರು ಬರಲ್ಲ ಅಂದರು. ಮೊದಲು ನಮ್ಮ ಅಪ್ಪ ಅಮ್ಮನನ್ನು ಬಿಡಿ, ನಮ್ಮ ಹಕ್ಕು ವಾಪಸ್ ಕೊಡಿ, ಆಮೇಲೆ ಬರುತ್ತೇವೆ ಅನ್ನುವುದು ಅವರ ವಾದ. 63 ಜನರನ್ನು ಒಟ್ಟಿಗೆ ವಿಚಾರಣೆ ಮಾಡಿ ಮೂರು ಮೂರು ವರ್ಷ ಜೈಲು ಶಿಕ್ಷೆ ಕೊಟ್ಟರು. 1947ರಲ್ಲಿ ಅಧ್ಯಕ್ಷ ಟ್ರೂಮನ್ ಕ್ಷಮಾದಾನ ಕೊಟ್ಟರು. ಹೋದವರು, ಹೋಗಲ್ಲ ಅಂದವರು, ಇಬ್ಬರದ್ದೂ ಧೈರ್ಯವೇ ಅಂತ ನಾನು ನಂಬಿದ್ದೇನೆ.

(ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಅಜ್ಜಿ ಕೈ ಎತ್ತಿದರು. ಸುಂಟಿಕೊಪ್ಪದ ಕಡೆಯವರು. ಅವರ ಯಜಮಾನರು ಸೈನ್ಯದಲ್ಲಿದ್ದವರು. ಅಜ್ಜಿ ಹೇಳಿದ್ದಿಷ್ಟು: "ನಮ್ಮಲ್ಲೂ ಕಾಗದ ಬರ್ತಿತ್ತಮ್ಮ. ತಂತಿ ಬರ್ತಿತ್ತು. 71ರಲ್ಲಿ ಇವರು ರಜೆ ಮೇಲೆ ಬಂದು ಆರು ದಿನ ಆಗಿತ್ತು. ರಜೆ ರದ್ದು, ಕೂಡ್ಲೆ ಬಾ ಅಂತ ತಂತಿ. ನಾನು ದೋಸೆಗೆ ಅಕ್ಕಿ ನೆನೆ ಹಾಕಿದ್ದೆ. ರುಬ್ಬೋಕೆ ಆಗ್ಲಿಲ್ಲ. ಎರಡು ದಿನ ಹಾಗೇ ಇತ್ತು, ಆಮೇಲೆ ಹಸುಗೆ ಹಾಕ್ದೆ." ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.)

ಅಮ್ಮ, ನೀವು ಹೇಳಿದ್ದು ನಾನು ಅಲ್ಲಿ ಕೇಳಿದ್ದೇ. ಯಜಮಾನರು ತಾವಾಗೇ ಸೈನ್ಯ ಸೇರಿದವರು, ಅವರನ್ನು ಯಾರೂ ಬಲವಂತ ಮಾಡಿರಲಿಲ್ಲ. ಅದು ದೊಡ್ಡ ವ್ಯತ್ಯಾಸ. ಆದರೆ ಅಕ್ಕಿ ನೆನೆದೇ ಉಳಿಯಿತಲ್ಲ, ಆ ಮನೆ ಒಹಾಯೊದಲ್ಲೂ ಇದೆ.

ವಿಯೆಟ್ನಾಂಗೆ ವಾಪಸ್ ಬರೋಣ. 1965ರ ಜುಲೈ 28ರಂದು ಅಧ್ಯಕ್ಷ ಜಾನ್ಸನ್ ಟಿವಿಯಲ್ಲಿ ಬಂದು, ತಿಂಗಳಿಗೆ 17,000 ಜನರನ್ನು ಕರೆಯುತ್ತಿದ್ದುದನ್ನು 35,000ಕ್ಕೆ ಏರಿಸುತ್ತೇವೆ ಅಂದರು. ಆಗಸ್ಟ್ 26ರಂದು ಇನ್ನೊಂದು ಆದೇಶ. ಇವತ್ತು ಮಧ್ಯರಾತ್ರಿಯ ಮೇಲೆ ಮದುವೆ ಆದವರನ್ನು ಮದುವೆ ಆಗದವರ ಹಾಗೇ ಲೆಕ್ಕ ಹಾಕುತ್ತೇವೆ ಅಂತ. ಅವತ್ತು ಸಂಜೆ ಹುಡುಗ ಹುಡುಗಿಯರು ಕಾರು ಹತ್ತಿ ಮದುವೆ ಮಾಡಿಸುವ ಜಾಗಕ್ಕೆ ಓಡಿದರು. ಲಾಸ್ ವೇಗಸ್‌ನಲ್ಲಿ ರಾತ್ರಿ ಹನ್ನೆರಡರ ಒಳಗೆ ಸಾಲುಸಾಲು ಮದುವೆಗಳು ನಡೆದವು. 1964ರ ಆಗಸ್ಟ್‌ನಿಂದ 1973ರ ಫೆಬ್ರವರಿವರೆಗೆ ಹೀಗೆ ಕರೆಸಿಕೊಂಡು ಸೈನ್ಯಕ್ಕೆ ಸೇರಿಸಿದ್ದು ಸುಮಾರು 18 ಲಕ್ಷ 57 ಸಾವಿರ ಜನರನ್ನು.

ಲೆಕ್ಕಕ್ಕೆ ಸಿಗದವರು ಇನ್ನೊಂದು ಗುಂಪು. ಕಾಗದ ಬರುವ ವಾಸನೆ ಹಿಡಿದು ತಾವೇ ಹೋಗಿ ಸೇರಿದವರು. ಕಾಗದದಲ್ಲಿ ಹೋದರೆ ಎರಡು ವರ್ಷ, ಆದರೆ ಎಲ್ಲಿ ಹಾಕುತ್ತಾರೋ ಅಲ್ಲಿ ಇರಬೇಕು. ತಾವಾಗೇ ನೌಕಾಪಡೆಗೋ ವಾಯುಪಡೆಗೋ ಸೇರಿದರೆ ನಾಲ್ಕು ವರ್ಷ, ಆದರೆ ಕಾಡಿನಲ್ಲಿ ಬಂದೂಕು ಹಿಡಿದು ನಡೆಯುವುದು ತಪ್ಪಬಹುದು. ಭೂಸೇನೆಯಲ್ಲಿ ಸೈನಿಕನ ಸಂಖ್ಯೆಯಲ್ಲೇ ಈ ವ್ಯತ್ಯಾಸ ಗೊತ್ತಾಗುತ್ತಿತ್ತು. ತಾವಾಗೇ ಬಂದವರ ಸಂಖ್ಯೆಯ ಮುಂದೆ ಆರ್‌ಎ, ಕರೆಸಿಕೊಂಡವರ ಮುಂದೆ ಯುಎಸ್. ಪಕ್ಕದ ಮನೆಯವರು ತಮ್ಮ ಆ ಎಂಟಂಕಿಯ ಸಂಖ್ಯೆಯನ್ನು ಇಂದಿಗೂ ಉಸಿರು ಬಿಡದೆ ಹೇಳುತ್ತಾರೆ, ಯುಎಸ್ ಸಮೇತ.

ಕಾಲೇಜಿಗೆ ಹೋಗುವವರಿಗೆ ಓದು ಮುಗಿಯುವ ತನಕ ವಿನಾಯಿತಿ ಇತ್ತು. ಅಂದರೆ ಕಾಲೇಜಿಗೆ ಹೋಗಲು ದುಡ್ಡಿದ್ದವರಿಗೆ. ಅಣ್ಣ ಕಾಲೇಜಿನಲ್ಲಿ, ತಮ್ಮ ಗದ್ದೆಯಲ್ಲಿ ಇದ್ದರೆ ಕಾಗದ ತಮ್ಮನಿಗೆ. ಒಬ್ಬರು ನನ್ನ ಹತ್ತಿರ ಅದನ್ನೇ ಹೇಳಿದರು. ಅಣ್ಣನ ಮೇಲೆ ಸಿಟ್ಟಿಲ್ಲ, ಆದರೆ ಹಬ್ಬಕ್ಕೆ ಎಲ್ಲರೂ ಸೇರಿದಾಗ ಆ ವಿಷಯ ಬಂದರೆ ಅಣ್ಣನೇ ಎದ್ದು ಹೊರಗೆ ಹೋಗುತ್ತಾರೆ ಅಂದರು. ಐವತ್ತು ವರ್ಷ ಆದ ಮೇಲೂ.

ಆಯ್ಕೆ ಇನ್ನಷ್ಟು ನ್ಯಾಯವಾಗಿರಲಿ ಅಂತ 1969ರ ಡಿಸೆಂಬರ್ 1ರಂದು ಲಾಟರಿ ತಂದರು. ವಾಷಿಂಗ್ಟನ್‌ನಲ್ಲಿ ಒಂದು ದೊಡ್ಡ ಗಾಜಿನ ಪಾತ್ರೆ. ಅದರೊಳಗೆ 366 ನೀಲಿ ಪ್ಲಾಸ್ಟಿಕ್ ಗುಳಿಗೆಗಳು. ಒಂದೊಂದರಲ್ಲೂ ವರ್ಷದ ಒಂದು ತಾರೀಖು. ಮೊದಲು ಎತ್ತಿದವರು ಅಲೆಕ್ಸಾಂಡರ್ ಪರ್ನಿ ಅನ್ನೋ ಸಂಸದರು. ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದವರ ನಂಬರ್ 1, ಅವರಿಗೆ ಮೊದಲ ಕರೆ. ಕಟ್ಟಕಡೆಗೆ ಬಂದದ್ದು ಜೂನ್ 8. 1944ರಿಂದ 1950ರವರೆಗೆ ಹುಟ್ಟಿದ ಗಂಡುಮಕ್ಕಳ ಭವಿಷ್ಯ ಅದು. ಟಿವಿಯಲ್ಲಿ ನೇರಪ್ರಸಾರ. ಹಾಸ್ಟೆಲುಗಳಲ್ಲಿ ಹುಡುಗರು ಒಂದೇ ಟಿವಿ ಮುಂದೆ ಕೂತು ತಮ್ಮ ಹುಟ್ಟಿದ ದಿನ ಬರುತ್ತದಾ ಅಂತ ಕಾದರು. ಆ ವರ್ಷದ ಲಾಟರಿಯಲ್ಲಿ ಕೊನೆಗೆ 195ರವರೆಗೆ ಕರೆ ಹೋಯಿತು. ಆ ವಯಸ್ಸಿನ ಅಮೆರಿಕನ್ನರನ್ನು ನಿಮ್ಮ ನಂಬರ್ ಎಷ್ಟಿತ್ತು ಅಂತ ಕೇಳಿ ನೋಡಿ. ಮದುವೆಯ ತಾರೀಖು ಮರೆತಿರಬಹುದು, ಇದನ್ನು ಮರೆತಿರುವುದಿಲ್ಲ.

ಆ ಲಾಟರಿಯಲ್ಲೂ ಒಂದು ಲೋಪ ಇತ್ತು. ಗುಳಿಗೆಗಳನ್ನು ಜನವರಿಯಿಂದ ಶುರು ಮಾಡಿ ಒಂದೊಂದೇ ತಿಂಗಳು ಸೇರಿಸುತ್ತಾ ಕಲೆಸಿದ್ದರು. ಜನವರಿ ಚೆನ್ನಾಗಿ ಕಲೆಯಿತು, ಡಿಸೆಂಬರ್ ಸರಿಯಾಗಿ ಕಲೆಯಲಿಲ್ಲ. ಲೆಕ್ಕ ಬಲ್ಲವರು ಆಮೇಲೆ ಕೂತು ನೋಡಿದರು. ಎಲ್ಲಾ ಸಮನಾಗಿದ್ದರೆ ಪ್ರತಿ ತಿಂಗಳ ತಾರೀಖುಗಳ ನಂಬರಿನ ಸರಾಸರಿ 183ರ ಆಸುಪಾಸು ಬರಬೇಕು. ಜನವರಿಯದ್ದು 201 ಬಂತು, ಡಿಸೆಂಬರಿನದ್ದು 121. ಅಂದರೆ ವರ್ಷದ ಕೊನೆಗೆ ಹುಟ್ಟಿದವರಿಗೆ ಕರೆ ಬರುವ ಸಾಧ್ಯತೆ ಜಾಸ್ತಿ ಆಯಿತು. ಮುಂದಿನ ವರ್ಷ ಪದ್ಧತಿ ಸರಿ ಮಾಡಿದರು. ಆದರೆ ಮೊದಲ ಲಾಟರಿಯಲ್ಲಿ ಬಂದ ನಂಬರು ಯಾರದ್ದೂ ಬದಲಾಗಲಿಲ್ಲ. ಚಿತ್ರಾನ್ನ ಸರಿಯಾಗಿ ಕಲೆಸದಿದ್ದರೆ ಒಂದು ತುತ್ತು ಉಪ್ಪಾಗುತ್ತದೆ ಅಷ್ಟೆ. ಇಲ್ಲಿ ಹೋದದ್ದು ಮನೆಮಕ್ಕಳು.

ಸೇರುವ ದಿನ ಒಂದು ಕೋಣೆಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಹೆಸರು ಕರೆದಾಗ ಒಂದು ಹೆಜ್ಜೆ ಮುಂದೆ ಇಡಬೇಕು. ಕಾನೂನಿನ ಪ್ರಕಾರ ಆ ಹೆಜ್ಜೆ ಇಟ್ಟ ಕ್ಷಣದಿಂದ ನೀವು ಸೈನಿಕ. 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಬಾಕ್ಸಿಂಗ್ ಚಾಂಪಿಯನ್ ಮುಹಮ್ಮದ್ ಅಲಿ ಇಡಲ್ಲ ಅಂದದ್ದು ಆ ಹೆಜ್ಜೆಯನ್ನೇ. ಅವರ ಪಟ್ಟ ಹೋಯಿತು, ಶಿಕ್ಷೆಯೂ ಆಯಿತು. 1971ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು. ನಾನು ಕೇಳಿದವರೆಲ್ಲ ಹೆಜ್ಜೆ ಇಟ್ಟವರು. ಅವರಲ್ಲಿ ಇಬ್ಬರು, ಇಡುವಾಗ ಕಾಲು ತನ್ನದಲ್ಲ ಅನ್ನಿಸಿತು ಅಂದರು. ಇಬ್ಬರೂ ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ಪರಿಚಯ ಇಲ್ಲ.

ಹೋಗದೆ ಕೆನಡಾ ಸೇರಿದವರೂ ಸಾವಿರಾರು. 1977ರ ಜನವರಿ 21ರಂದು, ಅಧಿಕಾರಕ್ಕೆ ಬಂದ ಮಾರನೇ ದಿನವೇ, ಅಧ್ಯಕ್ಷ ಕಾರ್ಟರ್ ಡ್ರಾಫ್ಟ್ ತಪ್ಪಿಸಿಕೊಂಡವರಿಗೆ ಕ್ಷಮಾದಾನ ಕೊಟ್ಟರು. ಅದಕ್ಕೂ ಮೊದಲೇ, 1973ರಲ್ಲಿ, ಕಡ್ಡಾಯ ಭರ್ತಿ ನಿಂತಿತ್ತು. 1980ರಲ್ಲಿ ಅದೇ ಕಾರ್ಟರ್ ಹೆಸರು ನೋಂದಾಯಿಸುವ ಪದ್ಧತಿಯನ್ನು ಮತ್ತೆ ತಂದರು. ನನ್ನ ಮಗನಿಗೆ ಬಂದ ಕಾರ್ಡು ಅದೇ. ಅಲ್ಲಿ ನೆಲೆಸಿದ ನಮ್ಮ ಕನ್ನಡದ ಮನೆಗಳಲ್ಲಿ ಗಂಡುಮಕ್ಕಳಿಗೆ 18 ಆದಾಗ ಇದು ಇರುತ್ತದೆ. ಹೆಚ್ಚಿನವರು ಯಾವುದೋ ಫಾರಂ ಅಂತ ತುಂಬಿ ಮರೆತುಬಿಡುತ್ತಾರೆ. ಮರೆಯಬೇಡಿ, ಮಕ್ಕಳ ಜೊತೆ ಕೂತು ಅದು ಏನು ಅಂತ ಮಾತಾಡಿ ಅಂತ ನಾನು ಅಲ್ಲಿನ ಗೆಳತಿಯರಿಗೆ ಹೇಳುತ್ತಲೇ ಇರುತ್ತೇನೆ.

(ಒಬ್ಬ ಹುಡುಗ ಕೇಳಿದ: "ಆ ಕಾಗದ ಅವರು ಇಟ್ಟುಕೊಂಡಿರ್ತಾರಾ ಆಂಟಿ? ನೀವು ನೋಡಿದ್ದೀರಾ?")

ಕೆಲವರ ಹತ್ತಿರ ಇದೆ ಕಣಪ್ಪ, ನೋಡಿದ್ದೇನೆ. ಮಡಿಚಿದ ಗೆರೆಯಲ್ಲಿ ಹರಿದಿರುತ್ತದೆ. ಆದರೆ ಬರುವಾಗ ಈ ಕಾಗದ ಜೊತೆಗೆ ತನ್ನಿ ಅಂತ ಆ ಕಾಗದದಲ್ಲೇ ಬರೆದಿತ್ತು. ಪಕ್ಕದ ಮನೆಯವರು ತಗೊಂಡು ಹೋದರು, ಮೇಜಿನ ಹಿಂದೆ ಇದ್ದವರ ಕೈಗೆ ಕೊಟ್ಟರು, ಅದು ವಾಪಸ್ ಬರಲಿಲ್ಲ. ನನಗೆ ಅವರು ತೋರಿಸಿದ್ದು ಬೇರೆ. ಅವರ ಅಮ್ಮ ತೀರಿಕೊಂಡ ಮೇಲೆ ಅಡುಗೆಮನೆಯ ಡ್ರಾಯರ್‌ನಲ್ಲಿ ಸಿಕ್ಕಿದ ಕ್ಯಾಲೆಂಡರಿನ ಒಂದು ಹಾಳೆ. ಗೋಡೆಗೆ ನೇತುಹಾಕುತ್ತೇವಲ್ಲ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವಂಥದ್ದು. 1968ರ ಆ ತಿಂಗಳು. ಒಂದು ಚೌಕದಲ್ಲಿ ಪೆನ್ಸಿಲಿನಿಂದ '6:45' ಅಂತ ಬರೆದಿದೆ. ಬಸ್ಸಿನ ಹೊತ್ತು. ಮಗನ ಹೆಸರಿಲ್ಲ, ಬಸ್ಸು ಅಂತಲೂ ಇಲ್ಲ. ಅದೇ ಚೌಕದಲ್ಲಿ ಕೆಳಗೆ, ಕರೆಂಟ್ ಬಿಲ್ಲು ಕಟ್ಟಲು ಕೊನೆಯ ದಿನ ಅಂತ ಬರೆದು, ಕಟ್ಟಿದ್ದಕ್ಕೆ ಗುರುತು ಹಾಕಿದ್ದಾರೆ. ಬಸ್ ಹತ್ತಿಸಿ, ಅಮ್ಮ ಅಲ್ಲಿಂದ ಸೀದಾ ಹೋಗಿ ಬಿಲ್ಲು ಕಟ್ಟಿ ಬಂದಿದ್ದರು ಅನ್ನೋದು ಅವರಿಗೆ ಆ ಹಾಳೆ ಸಿಗುವ ತನಕ ಗೊತ್ತಿರಲಿಲ್ಲ.